‘ಕೃಪೆ: ಅಂತರ್ಜಾಲ’ ಎಂದು ಹಾಕಿದರೆ ಸಾಲದು

ಪ್ರಶ್ನೆ: ಚಿಕ್ಕಮಗಳೂರಿನ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಕರಪತ್ರಕ್ಕೂ ವೆಬ್‌ಸೈಟಿಗೂ ಮುಳ್ಳಯ್ಯನಗಿರಿ ಮತ್ತು ಬೇಲೂರು ದೇವಸ್ಥಾನದ ಫೋಟೊಗಳನ್ನು ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಸಂಗ್ರಹದಿಂದ ಇಳಿಸಿಕೊಂಡಿದ್ದೇವೆ. ವ್ಯಾಪಾರಕ್ಕೆ ಬಳಸಬಹುದೇ? ಕೆಳಗೆ ‘ಕೃಪೆ: ಅಂತರ್ಜಾಲ’ ಎಂದು ಹಾಕಿದರೆ ಸಾಕೇ?

ಉತ್ತರ: ವ್ಯಾಪಾರಕ್ಕೆ ಬಳಸಬಹುದು. ವಾಣಿಜ್ಯ ಬಳಕೆಗೆ ತಡೆಯಿರುವ ಚಿತ್ರಗಳನ್ನು ಕಾಮನ್ಸ್ ಸೇರಿಸಿಕೊಳ್ಳುವುದೇ ಇಲ್ಲ. ಆದರೆ ಆ ಕೃಪೆಯ ಸಾಲು ಖಂಡಿತ ಸಾಲದು. ಅಂತರ್ಜಾಲ ಯಾವ ಫೋಟೊವನ್ನೂ ತೆಗೆದಿಲ್ಲ. ತೆಗೆದವರು ಹಣ ಕೇಳದೆ ಕೊಟ್ಟಿದ್ದಾರೆ, ಬದಲಿಗೆ ಮುಖ್ಯವಾಗಿ ಕೇಳಿರುವುದು ತಮ್ಮ ಹೆಸರನ್ನು. ಹೆಸರು ಬಿಟ್ಟರೆ ಪರವಾನಗಿಯ ಷರತ್ತು ಮುರಿದಂತೆ, ಆಮೇಲೆ ಉಳಿಯುವುದು ಬರೀ ಹಕ್ಕುಸ್ವಾಮ್ಯ ಉಲ್ಲಂಘನೆ.

‘ದೇವಸ್ಥಾನ ಎಲ್ಲರದ್ದು, ಅದರ ಫೋಟೊ ಹೇಗೆ ಒಬ್ಬರದ್ದಾಗುತ್ತದೆ’ ಎಂದು ಹಲವರು ಕೇಳುತ್ತಾರೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಮೇಲೆ ಇಂದು ಯಾರಿಗೂ ಹಕ್ಕುಸ್ವಾಮ್ಯವಿಲ್ಲ, ನಿಜ. ಆದರೆ ಫೋಟೊ ಬೇರೆಯೇ ಕೃತಿ. ಭಾರತದ 1957ರ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ತೆಗೆದವರ ಜೀವಿತಾವಧಿಯಲ್ಲೂ ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷವೂ ಅದರ ಮೇಲೆ ಹಕ್ಕು ಇರುತ್ತದೆ.

ಫೋಟೊದ ಕೆಳಗೆ ಹೀಗೆ ಬರೆಯಿರಿ: ‘ಚೆನ್ನಕೇಶವ ದೇವಾಲಯ, ಬೇಲೂರು. ಫೋಟೊ: (ತೆಗೆದವರ ಹೆಸರು). ಮೂಲ: ವಿಕಿಮೀಡಿಯ ಕಾಮನ್ಸ್. ಪರವಾನಗಿ: ಸಿಸಿ ಬಿವೈ-ಎಸ್‌ಎ 4.0. ಅಂಚು ಕತ್ತರಿಸಲಾಗಿದೆ.’ ಇಲ್ಲಿ ‘ಸಿಸಿ’ ಎಂದರೆ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿ, ‘ಬಿವೈ’ ಎಂದರೆ ತೆಗೆದವರ ಹೆಸರು ಹೇಳಬೇಕು, ‘ಎಸ್‌ಎ’ ಎಂದರೆ ಚಿತ್ರವನ್ನು ಬದಲಿಸಿ ಹಂಚಿದರೆ ಅದೇ ಷರತ್ತಿನಲ್ಲಿ ಹಂಚಬೇಕು. ಹೆಸರನ್ನು ಚಿತ್ರದ ಪುಟದಲ್ಲಿ ‘ಆಥರ್’ ಎಂಬಲ್ಲಿ ಅವರು ಕೊಟ್ಟಂತೆಯೇ ಬರೆಯಬೇಕು, ಅದು ಬಳಕೆದಾರ ಹೆಸರಾಗಿದ್ದರೂ ಸರಿ. ವೆಬ್‌ಸೈಟಿನಲ್ಲಿ ‘ವಿಕಿಮೀಡಿಯ ಕಾಮನ್ಸ್’ ಎಂಬುದಕ್ಕೆ ಆ ಚಿತ್ರದ ಪುಟದ ಕೊಂಡಿಯನ್ನೂ ಪರವಾನಗಿಯ ಹೆಸರಿಗೆ ಅದರ ಪಠ್ಯದ ಕೊಂಡಿಯನ್ನೂ ಕೊಡಿ. ಕರಪತ್ರದಲ್ಲಿ ಕೊಂಡಿ ಒತ್ತಲಾಗದು, ಹಾಗಾಗಿ ಎರಡೂ ವಿಳಾಸಗಳನ್ನು ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಮುದ್ರಿಸಿ. ಯಾವ ಸಾಲು ಯಾವ ಫೋಟೊದ್ದು ಎಂಬುದು ಓದುವವರಿಗೆ ತಿಳಿಯಬೇಕು.

ಪರವಾನಗಿಯ ಕೊನೆಯ ಅಂಕಿಯನ್ನು ನಿರ್ಲಕ್ಷಿಸಬೇಡಿ. 2013ರಲ್ಲಿ ಬಂದ 4.0 ಆವೃತ್ತಿಯಲ್ಲಿ, ತಪ್ಪು ನಿಮ್ಮ ಗಮನಕ್ಕೆ ಬಂದ 30 ದಿನದೊಳಗೆ ಸರಿಪಡಿಸಿದರೆ ಪರವಾನಗಿ ತಾನಾಗಿ ಮರಳುತ್ತದೆ. ಅದಕ್ಕಿಂತ ಹಳೆಯ 2.0, 3.0 ಆವೃತ್ತಿಗಳಲ್ಲಿ ಷರತ್ತು ಮುರಿದ ಕೂಡಲೇ ಪರವಾನಗಿ ರದ್ದು, ಈ ರಿಯಾಯಿತಿ ಇಲ್ಲ. ಇಂಥ ಹಳೆಯ ಚಿತ್ರಗಳನ್ನಿಟ್ಟುಕೊಂಡು, ಹೆಸರು ತಪ್ಪಿದವರಿಗೆ ಹಣ ಕೇಳಿ ನೋಟಿಸ್ ಕಳಿಸುವವರೂ ಇದ್ದಾರೆ. ಒಂದೇ ಫೋಟೊಗೆ ಎರಡು ಮೂರು ಪರವಾನಗಿ ಕೊಟ್ಟಿದ್ದರೆ ನಿಮಗೆ ಬೇಕಾದ ಒಂದನ್ನು ಆರಿಸಿಕೊಳ್ಳಬಹುದು. 4.0 ಇದ್ದರೆ ಅದನ್ನೇ ಆರಿಸಿ.

ಮುದ್ರಣಕ್ಕೆ ಮೂಲ ಗಾತ್ರದ ಫೈಲನ್ನೇ ಇಳಿಸಿಕೊಳ್ಳಿ. ಎ5 ಅಳತೆಯ ಪುಟ ತುಂಬಲು ಇಂಚಿಗೆ 300 ಪಿಕ್ಸೆಲ್‌ನಂತೆ ಸುಮಾರು 1,748 × 2,480 ಪಿಕ್ಸೆಲ್ ಬೇಕು. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಡಿಟಿಪಿಯವರಿಗೆ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಒಳಗಿನ ಕ್ಯಾಮೆರಾ ಮಾಹಿತಿಯೂ ಅಳಿಸಿಹೋಗುತ್ತದೆ. ಇಮೇಲ್ ಮಾಡಿ, ಕೃಪೆಯ ಸಾಲನ್ನೂ ಅದೇ ಇಮೇಲ್‌ನಲ್ಲಿ ಬರೆದು ಕಳಿಸಿ. ಹೆಸರು ಕಳೆದುಹೋಗುವುದು ಹೆಚ್ಚಾಗಿ ಈ ಹಂತದಲ್ಲೇ.

ಪ್ರಶ್ನೆ: ಹಾಸನದ ಕಾಲೇಜೊಂದರ ಸ್ಮರಣ ಸಂಚಿಕೆಯ ಮುಖಪುಟಕ್ಕೆ ಹಳೇಬೀಡಿನ ಶಿಲ್ಪಗಳ ಎರಡು ಫೋಟೊ ಬೆರೆಸಿ ಒಂದೇ ಚಿತ್ರ ಮಾಡಿದ್ದೇವೆ. ಒಂದಕ್ಕೆ ಬಿವೈ-ಎಸ್‌ಎ, ಇನ್ನೊಂದಕ್ಕೆ ಬಿವೈ-ಎನ್‌ಸಿ-ಎಸ್‌ಎ ಪರವಾನಗಿ. ಸಂಚಿಕೆಯಲ್ಲಿ ಜಾಹೀರಾತುಗಳಿವೆ. ಇಡೀ ಸಂಚಿಕೆಯನ್ನೇ ಮುಕ್ತವಾಗಿ ಬಿಡಬೇಕಾಗುತ್ತದೆಯೇ?

ಉತ್ತರ: ಇಡೀ ಸಂಚಿಕೆಯನ್ನು ಬಿಡಬೇಕಾಗಿಲ್ಲ. ಲೇಖನದ ಪಕ್ಕದಲ್ಲಿ ಫೋಟೊ ಇದ್ದ ಹಾಗೇ ಇಟ್ಟರೆ ಅದು ಸಂಗ್ರಹ ಅಷ್ಟೇ, ಲೇಖನದ ಹಕ್ಕು ಬರೆದವರಲ್ಲೇ ಉಳಿಯುತ್ತದೆ. ಬೆರೆಸಿ ಮಾಡಿದ ಮುಖಪುಟ ಚಿತ್ರ ಮಾತ್ರ ಹೊಸ ರೂಪಾಂತರ, ‘ಎಸ್‌ಎ’ ಷರತ್ತು ತಗಲುವುದು ಅದಕ್ಕೆ.

ಆದರೆ ನಿಮ್ಮ ಈ ಮುಖಪುಟವನ್ನು ಕೈಬಿಡಲೇಬೇಕು. ರೂಪಾಂತರವನ್ನು ತನ್ನದೇ ಷರತ್ತಿನಲ್ಲಿ ಹಂಚಬೇಕು ಎಂದು ಎರಡೂ ಪರವಾನಗಿಗಳು ಹೇಳುತ್ತವೆ. ಬಿವೈ-ಎಸ್‌ಎ ವ್ಯಾಪಾರಕ್ಕೆ ಬಿಡುತ್ತದೆ, ‘ಎನ್‌ಸಿ’ (ವಾಣಿಜ್ಯೇತರ ಬಳಕೆ ಮಾತ್ರ) ಇರುವುದು ಬಿಡುವುದಿಲ್ಲ. ಒಂದೇ ಚಿತ್ರ ಎರಡನ್ನೂ ಪಾಲಿಸಲಾರದು. ಜಾಹೀರಾತಿರುವ ಸಂಚಿಕೆಗೆ ‘ಎನ್‌ಸಿ’ ಚಿತ್ರ ಬೇಡವೇ ಬೇಡ. ಅದರ ಬದಲು ಬಿವೈ ಅಥವಾ ಬಿವೈ-ಎಸ್‌ಎ 4.0 ಇರುವ ಇನ್ನೊಂದು ಫೋಟೊ ಹುಡುಕಿ. ‘ಎನ್‌ಡಿ’ (ರೂಪಾಂತರ ಕೂಡದು) ಎಂದಿದ್ದರೆ ಬೆರೆಸಿದ್ದನ್ನು ಹಂಚುವಂತೆಯೇ ಇಲ್ಲ.

ಪ್ರಶ್ನೆ: ಸಕಲೇಶಪುರದಲ್ಲಿ ಕಾಫಿ ಪುಡಿ ಮಾರುತ್ತೇವೆ. ಹಣ್ಣು ಕೊಯ್ಯುವ ಹೆಂಗಸೊಬ್ಬರ ಫೋಟೊ, ಫೋಟೊ ಹಂಚುವ ತಾಣವಾದ ಫ್ಲಿಕರ್‌ನಲ್ಲಿ ಸಿಸಿ ಬಿವೈ ಪರವಾನಗಿಯಲ್ಲಿ ಸಿಕ್ಕಿದೆ. ಪೊಟ್ಟಣದ ಮೇಲೆ ಹಾಕಬಹುದೇ? ಹಾಕಿದವರೇ ತೆಗೆದದ್ದು ಎಂದು ನಂಬುವುದು ಹೇಗೆ?

ಉತ್ತರ: ಪೊಟ್ಟಣದ ಮೇಲೆ ಬೇಡ. ಪರವಾನಗಿ ಕೊಟ್ಟದ್ದು ಫೋಟೊ ತೆಗೆದವರು, ಆ ಹೆಂಗಸಲ್ಲ. ಅವರ ಮುಖವನ್ನು ಸರಕು ಮಾರಲು ಬಳಸುವುದಾದರೆ ಅವರ ಒಪ್ಪಿಗೆಯೇ ಬೇಕು. ಮುಖ ಕಾಣದ, ಕೈಯಲ್ಲಿ ಹಣ್ಣಿರುವ ಚಿತ್ರ ಬಳಸಿ.

ನಂಬಿಕೆಯ ಪ್ರಶ್ನೆ ಸರಿಯಾದದ್ದೇ, ಬೇರೆಯವರ ಫೋಟೊಗೆ ತಾವೇ ಪರವಾನಗಿ ಅಂಟಿಸುವವರಿದ್ದಾರೆ. ಹಾಗೆ ಅಂಟಿಸಿದ್ದಕ್ಕೆ ಬೆಲೆಯಿಲ್ಲ. ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್ ಅಥವಾ ಟಿನ್‌ಐಯಲ್ಲಿ ಚಿತ್ರ ಹಾಕಿ, ಬೇರೆಡೆ ಇನ್ನೂ ಹಳೆಯದಾಗಿ, ಇನ್ನೂ ದೊಡ್ಡದಾಗಿ ಇದೆಯೇ ನೋಡಿ. ಖಾತೆಯ ಉಳಿದ ಫೋಟೊಗಳನ್ನೂ ತೆರೆಯಿರಿ. ಎಲ್ಲವೂ ಚಿಕ್ಕ ಗಾತ್ರ, ಕ್ಯಾಮೆರಾ ವಿವರ ಇಲ್ಲ, ಒಂದೊಂದರಲ್ಲಿ ಒಂದೊಂದು ವಾಟರ್‌ಮಾರ್ಕ್ ಎಂದಾದರೆ ಬಿಟ್ಟುಬಿಡಿ. ಸರಿಯೆನಿಸಿದರೆ ಆ ಪುಟವನ್ನು, ವೆಬ್ ಪುಟಗಳ ಪ್ರತಿಯನ್ನು ಕಾಯ್ದಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಉಳಿಸಿ, ದಿನಾಂಕವಿರುವ ಸ್ಕ್ರೀನ್‌ಶಾಟನ್ನೂ ಇಟ್ಟುಕೊಳ್ಳಿ. ಒಮ್ಮೆ ಕೊಟ್ಟ ಸಿಸಿ ಪರವಾನಗಿಯನ್ನು ಹಿಂಪಡೆಯಲಾಗದು. ಆದರೆ ನಾಳೆ ಅವರು ಪುಟದಲ್ಲಿ ‘ಎಲ್ಲ ಹಕ್ಕು ಕಾಯ್ದಿರಿಸಿದೆ’ ಎಂದು ಬದಲಿಸಿದರೆ, ಮೊದಲು ಏನಿತ್ತು ಎಂದು ತೋರಿಸಲು ನಿಮ್ಮ ಕೈಯಲ್ಲಿ ದಾಖಲೆ ಇರಬೇಕು.