ಓದುಗರ ಪ್ರಶ್ನೆ: ಅತ್ತೆ, ಮಕ್ಕಳ ಜೊತೆ ಬೀಚ್ ರೆಸಾರ್ಟ್‌ಗೆ

ಪ್ರಶ್ನೆ: ಮೇ ರಜೆಯಲ್ಲಿ ದಕ್ಷಿಣ ಗೋವಾದ ದೊಡ್ಡ ರೆಸಾರ್ಟೊಂದಕ್ಕೆ ಹೊರಟಿದ್ದೇವೆ. ನಾವಿಬ್ಬರು, 4 ಮತ್ತು 9 ವರ್ಷದ ಮಕ್ಕಳು, ಮಂಡಿನೋವಿರುವ ಅತ್ತೆ. ಬುಕ್ ಮಾಡುವಾಗ ಏನೇನು ಕೇಳಬೇಕು?
– ಓದುಗರು, ಸಕಲೇಶಪುರ

ಉತ್ತರ: ಸಮುದ್ರ ಕಾಣುತ್ತದಾ ಅಂತ ಆಮೇಲೆ ಕೇಳಿ. ಮೊದಲು ರೂಮಿನಿಂದ ಊಟದ ಹಾಲ್ ಎಷ್ಟು ದೂರ, ಬ್ಯಾಟರಿ ಗಾಡಿ ರಾತ್ರಿಯೂ ಸಿಗುತ್ತದಾ ಕೇಳಿ. ನೆಲಮಹಡಿಯ ರೂಮೇ ಬೇಕು ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನ ‘ಆಯ್ತು ಮೇಡಂ’ ಕೌಂಟರಿನಲ್ಲಿ ನಡೆಯುವುದಿಲ್ಲ. ಬಾತ್‌ರೂಮಿನ ಫೋಟೊ ತರಿಸಿ. ಟಬ್ಬಿನೊಳಗೇ ಶವರ್ ಇದ್ದರೆ ಅತ್ತೆ ಮೊಣಕಾಲೆತ್ತರದ ಅಂಚು ದಾಟಬೇಕು, ಒದ್ದೆ ಕಾಲಲ್ಲಿ ಜಾರುವುದು ಅಲ್ಲೇ.

ದರ ಹೋಲಿಸುವಾಗ ಪ್ಲಾನ್ ನೋಡಿ. ಸಿಪಿ ಅಂದರೆ ಬೆಳಗಿನ ತಿಂಡಿ ಮಾತ್ರ, ಎಂಎಪಿ ಅಂದರೆ ತಿಂಡಿ ಮತ್ತು ಒಂದು ಹೊತ್ತಿನ ಊಟ, ಎಪಿಯಲ್ಲಿ ಮೂರೂ ಹೊತ್ತು. 9 ವರ್ಷದವರ ಹಾಸಿಗೆ, ಊಟಕ್ಕೆ ಸಾಮಾನ್ಯವಾಗಿ ಬೇರೆ ಚಾರ್ಜ್ ಇರುತ್ತದೆ. ದಿನಕ್ಕೆ 7,500 ರೂಪಾಯಿ ಮೀರಿದ ರೂಮಿಗೆ ಜಿಎಸ್‌ಟಿ 18%, ಅದು ಸೇರಿದೆಯೋ ಇಲ್ಲವೋ ವಿಚಾರಿಸಿ.

ಈಜುಕೊಳಕ್ಕೆ ನೈಲಾನ್ ಅಥವಾ ಲೈಕ್ರಾ ಬಟ್ಟೆಯೇ ಬೇಕು. ಹತ್ತಿಯ ನೂಲು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆಂದು ಟೀ ಶರ್ಟ್ ಹಾಕಿದವರನ್ನು ಎಬ್ಬಿಸುತ್ತಾರೆ. ಹೇಮಾವತಿ ಹೊಳೆಯಲ್ಲಿ ಈಜಿದವರೂ ಸಮುದ್ರದಲ್ಲಿ ಹುಷಾರಾಗಿರಬೇಕು: ಕೆಂಪು ಬಾವುಟವಿದ್ದರೆ ಇಳಿಯಬಾರದು. ಸೆಳೆತ ಎಳೆದರೆ ದಡದತ್ತ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬನ್ನಿ. ಮೇ ಕೊನೆಯ ವಾರ ಬೇಡ, ಮಳೆಗಾಲದ ಮುಂಚಿನ ಅಲೆಗಳು ಜೋರು.