ಅಡ್ವೈಸ್ ಮೆಮೊ ಬಂದಿದೆ, ಮಂಗಳೂರಿನ ಕೆಲಸ ಬಿಡಲೇ?

ಪ್ರಶ್ನೆ: ನನಗೆ 31 ವರ್ಷ. ಮನೆ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ. ಬಿ.ಕಾಂ. ಓದಿ 6 ವರ್ಷದಿಂದ ಮಂಗಳೂರಿನ ಖಾಸಗಿ ಕಂಪೆನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಬೇಸಿಕ್ 16,000, ಎಲ್ಲ ಸೇರಿ ಕೈಗೆ 36,000 ಬರುತ್ತದೆ. ಈಗ ಕೇರಳ ಪಿಎಸ್‌ಸಿಯಿಂದ (ಲೋಕಸೇವಾ ಆಯೋಗ) ಕನ್ನಡ ಮತ್ತು ಮಲಯಾಳಂ ಬಲ್ಲ ಕ್ಲರ್ಕ್ ಹುದ್ದೆಗೆ ಅಡ್ವೈಸ್ ಮೆಮೊ, ಅಂದರೆ ನೇಮಕಾತಿಗೆ ಶಿಫಾರಸು ಮಾಡಿದ ಪತ್ರ ಬಂದಿದೆ. ಅಲ್ಲಿ ಕೈಗೆ 27–28 ಸಾವಿರ ಸಿಗಬಹುದು. ಮನೆ ಸಾಲದ ಕಂತು 14,000, ಅರ್ಧ ನಾನು ಕಟ್ಟುತ್ತೇನೆ. ಅಪ್ಪ, ಅತ್ತೆ ಇಬ್ಬರೂ "ಸರಕಾರಿ ಕೆಲಸ ಬೇಡ ಅನ್ನುವವರುಂಟಾ" ಎನ್ನುತ್ತಾರೆ. ಗಂಡ "ನಿನ್ನಿಷ್ಟ" ಎಂದು ಸುಮ್ಮನಾಗುತ್ತಾರೆ. ವಿಷಯ ತಿಳಿದ ಮೇಲೆ ಕಂಪೆನಿಯವರು 5,000 ಜಾಸ್ತಿ ಕೊಡುತ್ತೇವೆ ಎಂದಿದ್ದಾರೆ. ನನಗೆ ಈಗಿನ ಕೆಲಸ ಇಷ್ಟ. ಆದರೆ ನಾನು ಮನೆ ಸೇರುವಾಗ ಮಗ ಮಲಗಿರುತ್ತಾನೆ. ಅವನು ಹುಟ್ಟಿದಾಗ 3 ತಿಂಗಳಿಗೇ ವಾಪಸ್ ಕರೆಸಿಕೊಂಡರು. ಇನ್ನೊಂದು ಮಗು ಬೇಕು ಅಂತ ಆಸೆ ಇದೆ. ಏನು ಮಾಡಲಿ?

ಉತ್ತರ: ಪ್ರೀತಿಯ ತಂಗಿ,

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸೇರಿ. ಆದರೆ ಅಪ್ಪನೂ ಅತ್ತೆಯೂ ಹೇಳುವ ಕಾರಣಕ್ಕಲ್ಲ.

ಅವರ ಮನಸ್ಸಿನಲ್ಲಿರುವುದು ಹಳೆಯ ಸರಕಾರಿ ಕೆಲಸ. ನಿವೃತ್ತಿಯಾದ ಮೇಲೆ ತಿಂಗಳು ತಿಂಗಳು ಕೊನೆಯ ಸಂಬಳದ ಅರ್ಧದಷ್ಟು ಬರುತ್ತಿತ್ತಲ್ಲ, ಆ ಕಾಲ. ಕೇರಳದಲ್ಲಿ 2013 ಏಪ್ರಿಲ್ 1ರ ನಂತರ ಸೇರಿದವರಿಗೆ ಆ ಪಿಂಚಣಿ ಇಲ್ಲ, ಅವರು ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆ) ಸೇರುತ್ತಾರೆ. ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ಕಡಿತವಾಗುತ್ತದೆ, ಸರಕಾರ ಅಷ್ಟೇ ಹಾಕುತ್ತದೆ. ಆ ಹಣ ಮಾರುಕಟ್ಟೆಯಲ್ಲಿ ಬೆಳೆಯಬೇಕು. ಎಷ್ಟು ಬೆಳೆಯುತ್ತದೆ ಎಂದು ಯಾರೂ ಬರೆದು ಕೊಡುವುದಿಲ್ಲ. ತುಟ್ಟಿಭತ್ಯೆ ಬಾಕಿ ಉಳಿಯುವುದು, ಸಂಬಳ ಪರಿಷ್ಕರಣೆ ತಡವಾಗುವುದು ಕೇರಳದ ನೌಕರರಿಗೆ ಹೊಸದಲ್ಲ. ಕಳೆದ ಪರಿಷ್ಕರಣೆ 2019 ಜುಲೈಯಿಂದ ಲೆಕ್ಕ, ಆದರೆ ಜಾರಿಯಾದದ್ದು 2021ರಲ್ಲಿ. ಇದನ್ನೆಲ್ಲ ಅಪ್ಪನಿಗೂ ಒಮ್ಮೆ ಬಿಡಿಸಿ ಹೇಳಿ.

ಹಾಗಿದ್ದರೂ ಈ ವಿಷಯದಲ್ಲಿ ನಿಮ್ಮ ಕಂಪೆನಿ ಹಿಂದೆಯೇ ಉಳಿಯುತ್ತದೆ. ಸಂಬಳದ ಚೀಟಿಯಲ್ಲಿ ಪಿಎಫ್ ಎದುರು 1,800 ಎಂದಿದೆಯಾ ನೋಡಿ. ಪಿಎಫ್ ಲೆಕ್ಕಕ್ಕಿರುವ 15,000ದ ಸಂಬಳ ಮಿತಿ ಹಿಡಿದು ಅದರ ಶೇ. 12 ಮಾತ್ರ ಕಟ್ಟುವ ಖಾಸಗಿ ಕಂಪೆನಿಗಳೇ ಜಾಸ್ತಿ. ಕಂಪೆನಿಯವರೂ 1,800 ಹಾಕುತ್ತಾರೆ, ಅದರಲ್ಲಿ 1,250 ಪಿಂಚಣಿ ಖಾತೆಗೆ ಹೋಗುತ್ತದೆ. ಆ ಲೆಕ್ಕದಲ್ಲಿ 58 ವರ್ಷದವರೆಗೆ ದುಡಿದರೆ ಬರುವ ಪಿಂಚಣಿ ತಿಂಗಳಿಗೆ 7,000–7,500ರ ಆಸುಪಾಸು. ಇಬ್ಬರ ಪಾಲೂ ಸೇರಿ ಇಲ್ಲಿ ತಿಂಗಳಿಗೆ ನಿಮ್ಮ ಹೆಸರಲ್ಲಿ ಸೇರುವುದು 3,600. ಸರಕಾರದಲ್ಲಿ ಮೂಲ ವೇತನ 26,500ರ ಮೇಲೆಯೇ 5,300, ತುಟ್ಟಿಭತ್ಯೆಯ ಪಾಲು ಬೇರೆ. ಕೈಗೆ ಕಡಿಮೆ ಬರುವುದಕ್ಕೆ ಇದೂ ಒಂದು ಕಾರಣ. ಎಸ್‌ಎಲ್‌ಐ (ಜೀವವಿಮೆ), ಜಿಐಎಸ್ (ಗುಂಪು ವಿಮೆ), ಮೆಡಿಸೆಪ್ (ಆರೋಗ್ಯ ವಿಮೆ) ಅಂತ ಇನ್ನೂ ಕಡಿತಗಳಿವೆ. ನಿಮ್ಮ 27–28 ಸಾವಿರದ ಅಂದಾಜು ಸರಿಯಾಗಿಯೇ ಇದೆ.

ಕಂಪೆನಿಯ ಹೊಸ 5,000 ಸೇರಿಸಿದರೆ ವ್ಯತ್ಯಾಸ ತಿಂಗಳಿಗೆ 13 ಸಾವಿರದಷ್ಟಾಯಿತು. ಕಂತು ಕಟ್ಟುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಮೊದಲ ಎರಡು ಮೂರು ವರ್ಷ ಕಷ್ಟವೇ. ಆದರೆ ಆ 5,000ದ ಬಗ್ಗೆ ಒಂದು ಮಾತು. ನಿಮ್ಮ ಕೆಲಸಕ್ಕೆ ಅಷ್ಟು ಬೆಲೆ ಇದೆ ಎಂದು ಅವರಿಗೆ ಗೊತ್ತಾದದ್ದು ನೀವು ಹೊರಡುತ್ತೀರಿ ಎಂದಾಗ. ಮುಂದಿನ ಏರಿಕೆಗೆ ತೋರಿಸಲು ನಿಮ್ಮ ಕೈಯಲ್ಲಿ ಇನ್ನೊಂದು ಮೆಮೊ ಇರುತ್ತದಾ?

ನಿಮ್ಮ ಕಾಗದದಲ್ಲಿ ನನಗೆ ತುಂಬಾ ಬೇಸರ ತಂದದ್ದು ಹೆರಿಗೆ ರಜೆಯ ಸಾಲು. ನೀವು ಅದನ್ನು ನಡುವೆ ಎಲ್ಲೋ ಬರೆದು ಮುಂದೆ ಹೋಗಿದ್ದೀರಿ. 2017ರಿಂದ ಕಾನೂನಿನಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಹತ್ತು ಜನ ಇರುವ ಅಂಗಡಿಗೂ ಇದು ಅನ್ವಯಿಸುತ್ತದೆ. ನಿಮಗೆ ಸಿಕ್ಕಿದ್ದು ಅದರ ಅರ್ಧ. ನೀವು ಕೇಳಲಿಲ್ಲ, ಅವರು ಕೊಡಲಿಲ್ಲ. ಕೇಳಿದ್ದರೆ ಏನಾಗುತ್ತಿತ್ತು ಎಂಬ ಹೆದರಿಕೆ ನಿಮಗಿತ್ತು, ಅಲ್ವಾ? ಎರಡು ಕೆಲಸಗಳ ನಡುವಿನ ದೊಡ್ಡ ವ್ಯತ್ಯಾಸ ಆ ಹೆದರಿಕೆಯೇ. ಸರಕಾರದಲ್ಲಿ 180 ದಿನದ ಹೆರಿಗೆ ರಜೆಗೆ ಅರ್ಜಿ ಬರೆಯುತ್ತೀರಿ, ಮಂಜೂರಾಗುತ್ತದೆ. ಮೇಲಧಿಕಾರಿಗೆ ಮುಖ ಸಿಂಡರಿಸಬಹುದು, ರಜೆ ತಡೆಯಲು ಬರುವುದಿಲ್ಲ. ವರ್ಷಕ್ಕೆ 20 ಕ್ಯಾಶುವಲ್ ಲೀವ್ ಇದೆ. ಮಗುವಿಗೆ ಜ್ವರ ಬಂದ ದಿನ ರಜೆ ಹಾಕಲು ಸುಳ್ಳು ಹುಡುಕಬೇಕಾಗಿಲ್ಲ. ಇನ್ನೊಂದು ಮಗು ಬೇಕು ಎಂದಿದ್ದೀರಲ್ಲ, ನಾನು ಸೇರಿ ಅನ್ನುವುದಕ್ಕೆ ದೊಡ್ಡ ಕಾರಣ ಅದು.

ಈಗ ಕೆಲಸದ ಮಾತು. ಅಕೌಂಟ್ಸ್ ನಿಮಗಿಷ್ಟ. ಜಿಎಸ್‌ಟಿ ರಿಟರ್ನ್, ಆಡಿಟ್ ಎಲ್ಲ ಮಾಡಿದ ಕೈ. ಕ್ಲರ್ಕ್ ಕೆಲಸದಲ್ಲಿ ಮೊದಲು ಸಿಗುವುದು ತಪಾಲು, ರಿಜಿಸ್ಟರು, ಕಡತ. ಬೇಸರ ಬಂದೇ ಬರುತ್ತದೆ. ಎಷ್ಟು ಚೆನ್ನಾಗಿ ಮಾಡಿದರೂ ಬಡ್ತಿ ಸೀನಿಯಾರಿಟಿ ನೋಡಿಯೇ. ಅದಕ್ಕೂ ಅಕೌಂಟ್ ಟೆಸ್ಟ್ ಲೋವರ್, ಎಂಒಪಿಯಂಥ (ಕಚೇರಿ ಕಾರ್ಯವಿಧಾನದ ಪರೀಕ್ಷೆ) ಇಲಾಖಾ ಪರೀಕ್ಷೆ ಬರೆಯಬೇಕು. ನಿಮ್ಮಂಥವರಿಗೆ ಇದು ನೋಯುತ್ತದೆ. ಆದರೆ ಪ್ರತಿ ಆಫೀಸಿನಲ್ಲೂ ಸಂಬಳದ ಬಿಲ್ಲು, ಟ್ರೆಶರಿ, ಕ್ಯಾಶ್ ಬುಕ್ ನೋಡುವ ಸೀಟು ಒಂದಿರುತ್ತದೆ. ಸರಕಾರಿ ಸಂಬಳದ ತಂತ್ರಾಂಶ ಸ್ಪಾರ್ಕ್‌ನಲ್ಲಿ ಬಿಲ್ ತಯಾರಿಸುವುದು ಅಂದರೆ ಹಿಂದೆ ಸರಿಯುವವರೇ ಹೆಚ್ಚು. ಸೇರಿದ ಮೇಲೆ ಆ ಸೀಟು ಬೇಕೆಂದು ನೀವಾಗಿಯೇ ಕೇಳಿ. ಬೇಡ ಅನ್ನುವವರು ಸಿಗಲಿಕ್ಕಿಲ್ಲ.

ಇನ್ನೊಂದು ವಿಷಯ ನೀವು ಬರೆದಿಲ್ಲ, ಆದರೆ ನನಗೆ ಹೇಳದೆ ಇರಲು ಆಗುವುದಿಲ್ಲ. ಇದು ಕನ್ನಡ ಬಲ್ಲವರ ಹುದ್ದೆ. ನಮ್ಮ ಕಡೆಯ ತಾಲೂಕು ಆಫೀಸಿನ ಸಾಲಿನಲ್ಲಿ ನೀವೂ ನಿಂತಿರುತ್ತೀರಿ. ವಯಸ್ಸಾದ ಒಬ್ಬ ಅಜ್ಜಿ ಮಲಯಾಳಂ ಅರ್ಜಿ ನಮೂನೆ ಹಿಡಿದು, ಹಿಂದೆ ನಿಂತವರ ಹತ್ತಿರ "ಇದರಲ್ಲಿ ಎಂತ ಬರೆದಿದೆ ಮಗಾ, ಎಲ್ಲಿ ಸಹಿ ಹಾಕುವುದು" ಎಂದು ಕೇಳುತ್ತಾರೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು. ಆದರೆ ಕೌಂಟರಿನ ಆಚೆ ಕನ್ನಡ ಓದುವವರು ಕೂತಿದ್ದರೆ ತಾನೇ ಆ ಹಕ್ಕಿಗೆ ಅರ್ಥ? ಗಡಿನಾಡಿನ ಕನ್ನಡ ಉಳಿಸುವ ಹೊಣೆಯನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಹೋಗದಿದ್ದರೆ ತಪ್ಪು ಅನ್ನುವುದೂ ಇಲ್ಲ. ಹೋದರೆ ಆ ಅಜ್ಜಿಗೆ ಉಪಕಾರವಾಗುತ್ತದೆ, ಅಷ್ಟೆ. ಕಡತದ ಮಲಯಾಳಂ ಮಾತ್ರ ಬಸ್ಸಿನಲ್ಲಿ ಆಡುವ ಮಲಯಾಳಂ ಅಲ್ಲ. ಟಿಪ್ಪಣಿ ಬರೆಯಲು ಈಗಿನಿಂದಲೇ ಕೈ ಪಳಗಿಸಿ.

ಜಿಲ್ಲೆಯೊಳಗೆ ಎಲ್ಲಿ ಹಾಕುತ್ತಾರೆ ಎಂಬುದನ್ನೂ ನೋಡಬೇಕು. ಮಂಜೇಶ್ವರವೋ ಕಾಸರಗೋಡೋ ಆದರೆ ಸಂಜೆ ಮಗನ ಜೊತೆ ಊಟ ಮಾಡಬಹುದು. ಜಿಲ್ಲೆಯ ದೂರದ ತುದಿಯ ವೆಳ್ಳರಿಕುಂಡು ಕಡೆ ಸಿಕ್ಕಿದರೆ ಓಡಾಟ ಈಗಿನದ್ದಕ್ಕಿಂತ ಹಗುರವೇನಲ್ಲ. ಆಗಲೂ ಸೇರಿ, ವರ್ಗಾವಣೆಗೆ ಅರ್ಜಿ ಹಾಕಿ.

ರಾಜೀನಾಮೆ ಕೊಡುವ ಮೊದಲು ಬ್ಯಾಂಕಿಗೆ ಹೋಗಿ. ಸಾಲದ ಅವಧಿ ಹೆಚ್ಚಿಸಿ ಕಂತು ಇಳಿಸಲು ಆಗುತ್ತದಾ ಕೇಳಿ. ಈಗಿನ ಸಂಬಳದ ಚೀಟಿ ಕೈಯಲ್ಲಿರುವಾಗಲೇ ಕೇಳುವುದು ಒಳ್ಳೆಯದು. ಬ್ಯಾಂಕಿಗೆ ಗಂಡನನ್ನೂ ಕರೆದುಕೊಂಡು ಹೋಗಿ. "ನಿನ್ನಿಷ್ಟ" ಎಂಬ ಮಾತು ಕೇಳಲು ಚೆಂದ, ಆದರೆ ಮುಂದೆ ಕಂತು ತಪ್ಪಿದಾಗ ನಿರ್ಧಾರ ನಿಮ್ಮೊಬ್ಬರದ್ದೇ ಆಗಿಬಿಡುತ್ತದೆ. ತಿಂಗಳಿಗೆ ಇಷ್ಟು ಕಡಿಮೆಯಾಗುತ್ತದೆ, ಯಾವ ಖರ್ಚು ಬಿಡೋಣ, ಯಾರು ಎಷ್ಟು ಹಾಕೋಣ ಎಂದು ಕಾಗದದಲ್ಲಿ ಬರೆದು ಅವರ ಮುಂದಿಡಿ. ಅವರ ಬಾಯಿಂದ ಒಂದು ಉತ್ತರ ಬರಲಿ.

ನೇಮಕಾತಿ ಆದೇಶ ಕೈಗೆ ಬರುವವರೆಗೆ ಕಂಪೆನಿ ಬಿಡಬೇಡಿ. ನೋಟಿಸ್ ಪೀರಿಯಡ್ ಅಡ್ಡ ಬಂದರೆ ಸೇರುವ ಗಡುವು ಮುಂದೂಡಲು ಇಲಾಖೆಗೆ ಅರ್ಜಿ ಕೊಡಬಹುದು. ಆದರೆ ಎಳೆಯಬೇಡಿ. ಸೀನಿಯಾರಿಟಿ ಅಡ್ವೈಸ್ ದಿನಾಂಕದ ಮೇಲೆ ನಿಲ್ಲುತ್ತದೆ, ತುಂಬಾ ತಡವಾದರೆ ಅದಕ್ಕೇ ಪೆಟ್ಟು.

ಹೊರಡುವಾಗ ಗ್ರಾಚುಯಿಟಿ ಕೇಳಿ ಪಡೆಯಿರಿ. 5 ವರ್ಷ ದಾಟಿದೆ, ಹಾಗಾಗಿ ಅದು ನಿಮ್ಮ ಹಕ್ಕು. ಬೇಸಿಕ್ 16,000ಕ್ಕೆ 6 ವರ್ಷದ ಲೆಕ್ಕ ಸುಮಾರು 55,000 ಆಗುತ್ತದೆ, 30 ದಿನದೊಳಗೆ ಕೊಡಬೇಕು. ಹೆರಿಗೆ ರಜೆಯ ಹಾಗೆ ಇದನ್ನು ಬಿಟ್ಟುಬಿಡಬೇಡಿ. ಅರ್ಜಿಯನ್ನು ಲಿಖಿತವಾಗಿ ಕೊಟ್ಟು ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಮೊದಲ ವರ್ಷದ ಕಂತಿಗೆ ಆ ಹಣ ಆಸರೆಯಾಗುತ್ತದೆ.