ಸೈಕಲ್ಲಿಗೆ ಇಂಜಿನ್ ಕಟ್ಟೋ ಹುಚ್ಚು: ನಿಮ್ಮ ಪ್ರಶ್ನೆ, ನಮ್ಮ ಶೆಡ್ಡಿನ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ನನ್ನ ಮೋಟರ್ ಸೈಕಲ್ ಬಗ್ಗೆ, ಅಂದ್ರೆ ನಿಜವಾಗ್ಲೂ ಸೈಕಲ್ಲಿಗೆ ಮೋಟರ್ ಕಟ್ಟಿದ್ರ ಬಗ್ಗೆ, ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೆ ಬಂದಿರೋ ಪತ್ರ ನೋಡಿದ್ರೆ ಊರೂರಲ್ಲೂ ಒಬ್ಬೊಬ್ಬ ಹುಚ್ಚ ಇದ್ದಾನೆ ಅಂತ ಸಮಾಧಾನ ಆಯ್ತು.

ಪ್ರಶ್ನೆ: ನಮ್ಮಜ್ಜನ ಡಬಲ್ ಬಾರ್ ಸೈಕಲ್ ಅಟ್ಟದ ಮೇಲಿದೆ. ಆನ್‌ಲೈನಲ್ಲಿ 80 ಸಿಸಿ ಟೂ ಸ್ಟ್ರೋಕ್ ಕಿಟ್ ನೋಡಿದ್ದೀನಿ, ಹಾಕಿಸ್ಕೊಂಡು ದಿನಾ ಆಫೀಸಿಗೆ ಹೋಗ್ಬೇಕು ಅಂತ ಆಸೆ. ತರಿಸ್ಲಾ? (ಒಬ್ಬ ಓದುಗರು, ತಿಪಟೂರು)

ತರಿಸೋದು ಸುಲಭ ಸರ್, ಆಫೀಸಿಗೆ ಹೋಗೋದು ಕಷ್ಟ. ಮೊದಲು ಆ 80ರ ಕಥೆ ಕೇಳಿ. ಆ ಇಂಜಿನ್ನಿನ ಬೋರ್ (ಸಿಲಿಂಡರಿನ ಒಳ ಅಗಲ) 47 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) 38 ಎಂಎಂ, ಲೆಕ್ಕ ಹಾಕಿ ನೋಡಿದ್ರೆ 66 ಸಿಸಿ ಬರುತ್ತೆ, ಮಿಕ್ಕಿದ್ದು ಡಬ್ಬದ ಮೇಲೆ ಮಾತ್ರ ಇರೋದು. ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಸೆಕ್ಷನ್ 2(28) ಅಂತಿದೆ, ಮೋಟಾರು ವಾಹನ ಅಂದ್ರೆ ಯಾವ್ದು ಅನ್ನೋ ವಿವರಣೆ ಅದು. ನಾಲ್ಕಕ್ಕಿಂತ ಕಡಿಮೆ ಚಕ್ರ ಇದ್ದು ಇಂಜಿನ್ 25 ಸಿಸಿ ಮೀರದೇ ಇದ್ರೆ ಆ ಗಾಡಿ ಮೋಟಾರು ವಾಹನಾನೇ ಅಲ್ಲ ಅಂತಾರೆ ಅದ್ರಲ್ಲಿ. ಅಂದ್ರೆ ನಿಮ್ಮ 66 ಸಿಸಿ ಸೈಕಲ್ಲು ಕಾಯ್ದೆ ಕಣ್ಣಿಗೆ ಪೂರಾ ಬೈಕೇ, ನಂಬರ್ ಪ್ಲೇಟು, ಇನ್ಶೂರೆನ್ಸು, ಲೈಸೆನ್ಸು ಎಲ್ಲಾ ಬೇಕು, ಆದ್ರೆ ಶೆಡ್ಡಲ್ಲಿ ಕಟ್ಟಿದ್ದನ್ನ ರಿಜಿಸ್ಟ್ರೇಷನ್ನಿಗೆ ತಗೊಂಡು ಹೋದ್ರೆ ಅವ್ರು ಕೇಳೋ ಕಾಗದ ನಿಮ್ಮ ಹತ್ರ ಇರಲ್ಲ. ಪೊಲೀಸ್ರು ಹಿಡಿಯೋದು ಬಿಡಿ, ಯಾರಿಗಾದ್ರೂ ತಾಗಿದ್ರೆ ಇನ್ಶೂರೆನ್ಸ್ ಇಲ್ದೆ ಮನೆ ಮಾರ್ಬೇಕಾಗುತ್ತೆ. ತೋಟ ಇದ್ರೆ ತೋಟದೊಳಗೆ ಓಡಿಸಿ, ಯಾರೂ ಕೇಳಲ್ಲ.

ರೋಡಿಗೇ ಬೇಕು ಅಂದ್ರೆ ಒಂದು ದಾರಿ ಇದೆ. ಕಳೆ ಕೊಚ್ಚೋ ಮಷಿನ್ನಿಗೆ ಹಾಕೋ ಥರದ 25 ಸಿಸಿ ಫೋರ್ ಸ್ಟ್ರೋಕ್ ಇಂಜಿನ್ ಸಿಗುತ್ತೆ, ಹೋಂಡಾದ ಜಿಎಕ್ಸ್25 ಅಂಥದ್ದು, ಶಕ್ತಿ ಹೆಚ್ಚುಕಮ್ಮಿ 1 ಎಚ್‌ಪಿ. ಅದನ್ನ ಕ್ಯಾರಿಯರ್ ಮೇಲೆ ಕೂರಿಸಿ ಒಂದು ಸಣ್ಣ ರೋಲರ್ ಹಿಂದಿನ ಟೈರ್ ಮೇಲೆ ಒತ್ತೋ ಹಾಗೆ ಮಾಡಿದ್ರೆ ಚೈನೂ ಬೇಡ, ಚೈನ್ ಕೂರೋ ಹಲ್ಲಿನ ಚಕ್ರ ಅಂದ್ರೆ ಸ್ಪ್ರಾಕೆಟ್ಟೂ ಬೇಡ. ಫ್ರಾನ್ಸಿನ ವೆಲೋಸೊಲೆಕ್ಸ್ ಅನ್ನೋ ಇಂಜಿನ್ ಸೈಕಲ್ಲು 1946ರಿಂದ ಹೀಗೇ ಓಡಿದ್ದು, ಅವ್ರು ಇಂಜಿನ್ ಮುಂದಿನ ಚಕ್ರದ ಮೇಲಿಟ್ಟಿದ್ರು ಅಷ್ಟೇ. 25 ಎಂಎಂ ರೋಲರ್ ನಿಮಿಷಕ್ಕೆ 6000 ಸುತ್ತು ತಿರುಗಿದ್ರೆ ಗಂಟೆಗೆ 28 ಕಿಲೋಮೀಟರ್ ಬರುತ್ತೆ, ಸಾಕಲ್ವಾ. ಮಳೆ ಬಂತೋ ರೋಲರ್ ಜಾರುತ್ತೆ, ಆಗ ಪೆಡ್ಲು ತುಳೀರಿ.

ಪ್ರಶ್ನೆ: ಕಿಟ್ ಜೊತೆ ಬಂದ ಹಿಂದಿನ ಸ್ಪ್ರಾಕೆಟ್ ನಮ್ಮ ಸೈಕಲ್ ಚಕ್ರಕ್ಕೆ ಕೂರ್ತಾನೇ ಇಲ್ಲ. ಓಡಿಸೋದು ಎಸ್ಟೇಟ್ ಒಳಗೆ ಮಾತ್ರ. ಏನ್ಮಾಡ್ಲಿ ಅಣ್ಣಾ? (ಸಕಲೇಶಪುರದಿಂದ)

ಕೂರಲ್ಲ ತಮ್ಮಾ, ನಂಗೂ ಕೂರ್ಲಿಲ್ಲ, ಎರಡು ಭಾನುವಾರ ಹಾಳಾಯ್ತು. ಕಿಟ್ಟಲ್ಲಿ ಬರೋ 44 ಹಲ್ಲಿನ ಸ್ಪ್ರಾಕೆಟ್ಟನ್ನ ಎರಡು ರಬ್ಬರ್ ಬಿಲ್ಲೆ ಮಧ್ಯೆ ಕಡ್ಡಿಗಳನ್ನೇ ಅದುಮಿ 9 ಬೋಲ್ಟ್ ಹಾಕಿ ಬಿಗೀಬೇಕು. ಅದು ಮಾಡಿರೋದು 36 ಕಡ್ಡಿ ಚಕ್ರಕ್ಕೆ, ಒಂದು ಪಕ್ಕಕ್ಕೆ 18 ಕಡ್ಡಿ ಬರುತ್ತೆ, 9 ಬೋಲ್ಟಿಗೆ ಎರಡೆರಡು ಸರಿಹೋಗುತ್ತೆ. ನಮ್ಮ ಹಳೇ 28 ಇಂಚಿನ ಸೈಕಲ್ಲಲ್ಲಿ ಬ್ರಿಟಿಷರ ಕಾಲದ ಲೆಕ್ಕ, ಮುಂದೆ 32, ಹಿಂದೆ 40. ಒಂದು ಪಕ್ಕಕ್ಕೆ 20 ಕಡ್ಡಿ ಬಂತಾ, ಮೂರ್ನಾಲ್ಕು ಬೋಲ್ಟ್ ಹೋಗುತ್ತೆ ಆಮೇಲಿಂದು ಕಡ್ಡಿಗೇ ಬಂದು ಕೂರುತ್ತೆ. ಮೊದ್ಲು ಹಿಂದಿನ ಕಡ್ಡಿ ಎಣಿಸಿ. ನಾನು ಎಣಿಸ್ದೆ ಸುತ್ತಿಗೆಯಲ್ಲಿ ಬಡಿದು ಬಲವಂತವಾಗಿ ಕೂರಿಸ್ದೆ, ಚಕ್ರ ತಿರುಗಿಸಿದ್ರೆ ಸ್ಪ್ರಾಕೆಟ್ಟು ಮದುವೆ ಮನೆ ಹಪ್ಪಳದ ಥರ ಅಲ್ಲಾಡ್ತಿತ್ತು. ಆದ್ರೂ ಓಡಿಸ್ದೆ. ಅರ್ಧ ಕಿಲೋಮೀಟರಿಗೆ ಚೈನ್ ಬಿಗಿ ಮಾಡೋ ಟೆನ್ಷನರ್ ತಿರುಗಿ ಕಡ್ಡಿ ಒಳಗೆ ಹೋಯ್ತು, ಹಿಂದಿನ ಚಕ್ರ ಲಾಕ್ ಆಯ್ತು, ಏಳು ಕಡ್ಡಿ ಮುರೀತು, ನನ್ನ ಮೊಣಕೈ ಕಥೆ ಬೇಡ ಬಿಡಿ. ಕಿಟ್ ಮಾರಿದವನಿಗೆ ಫೋನ್ ಮಾಡಿದ್ರೆ ಸೈಕಲ್ ಬದಲಾಯಿಸಿ ಅಂದ!

ಈಗ ನೀವು ಮಾಡ್ಬೇಕಾದ್ದು ಇಷ್ಟೇ. 36 ತೂತಿನ ಹಬ್ಬು (ಚಕ್ರದ ನಡುವಿನ ಗುಂಬ), ರಿಮ್ಮು ತಗೊಂಡು ಸೈಕಲ್ ಶಾಪಲ್ಲಿ ಹೊಸದಾಗಿ ಚಕ್ರ ಕಟ್ಟಿಸಿ, ದಪ್ಪ ಕಡ್ಡಿ ಹಾಕ್ಸಿ. ಇಲ್ಲಾಂದ್ರೆ ಲೇತ್ ಅಂಗಡೀಲಿ ಹಬ್ಬಿನ ಮೇಲೇ ಕ್ಲ್ಯಾಂಪ್ ಆಗೋ ಅಡಾಪ್ಟರ್ ಮಾಡಿಸಿ ಸ್ಪ್ರಾಕೆಟ್ಟು ಅದಕ್ಕೇ ಹಾಕಿ, ಕಡ್ಡಿಗೆ ಮುಟ್ಟೋದೇ ಬೇಡ. ಇದು ಖರ್ಚು ಜಾಸ್ತಿ ಆದ್ರೆ ರಾತ್ರಿ ನಿದ್ದೆ ಬರುತ್ತೆ. ಟೆನ್ಷನರ್ ಕೂರೋ ಪೈಪಿನ ಮೇಲೆ ಪೇಂಟ್ ಕೆರೆದು ಬಿಗೀರಿ, ನಟ್ಟೆಲ್ಲಾ ನೈಲಾಕ್ (ಸಡಿಲ ಆಗದ ಹಾಗೆ ಒಳಗೆ ನೈಲಾನ್ ಉಂಗುರ ಇರೋದು) ಹಾಕಿ, ಈ ಇಂಜಿನ್ ನಡುಗೋದಕ್ಕೆ ಮಾಮೂಲಿ ನಟ್ ಒಂದು ವಾರ ನಿಲ್ಲಲ್ಲ.

ಪ್ರಶ್ನೆ: ಸರಳಿನ ಬ್ರೇಕೇ ಸಾಕಲ್ವಾ? ನೋಡೋಕೆ ಅದೇ ಚೆಂದ. (ಶಿವಮೊಗ್ಗ)

ಚೆಂದಾನೇ. ನಿಲ್ಲಲ್ಲ. ಎಲ್ರೂ ಇಂಜಿನ್ ಕೇಳ್ತಾರೆ, ನಿಲ್ಲಿಸೋದು ಹೇಗೆ ಅಂತ ಕೇಳಿದ ಪತ್ರ ಇದೊಂದೇ, ಅದಕ್ಕೆ ನಿಮಗೆ ನಮಸ್ಕಾರ. ನೀವು ತುಳಿಯೋದು ಗಂಟೆಗೆ 15 ಕಿಲೋಮೀಟರಲ್ಲಿ. ಇಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗುವಾಗ ಆ ಕಿಟ್ಟು 28 ಇಂಚಿನ ಚಕ್ರಾನ ಸುಮಾರು 30ರಲ್ಲಿ ಓಡಿಸುತ್ತೆ. ವೇಗ ಎರಡು ಪಟ್ಟು ಆದ್ರೆ ನಿಲ್ಲೋಕೆ ಬೇಕಾಗೋ ದೂರ ನಾಲ್ಕು ಪಟ್ಟು. ಆ ಸರಳು ಎಳೆಯೋ ರಬ್ಬರ್ ತುಂಡು ಕ್ರೋಮ್ ರಿಮ್ಮಿನ ಒಳಮೈಗೆ ಉಜ್ಜುತ್ತೆ, ಮಳೇಲಿ ನೆಂದ್ರೆ ಉಜ್ಜಿದ ಹಾಗೆ ಆಗುತ್ತೆ ಅಷ್ಟೇ. ಮುಂದೆ ಡಿಸ್ಕ್ ಬ್ರೇಕಿನ ಫೋರ್ಕ್ ಹಾಕಿ ಅಥವಾ ಡ್ರಮ್ ಬ್ರೇಕಿನ ಹಬ್ಬು ಹಾಕಿ ಚಕ್ರ ಕಟ್ಟಿಸಿ, ಡ್ರಮ್ಮು ಹಳೇ ಕಾಲದ ನೋಟಕ್ಕೂ ಹೊಂದುತ್ತೆ. ಸರಳು ಬೇಕಾದ್ರೆ ಶೋಕಿಗೆ ಇರ್ಲಿ. ನಾನು ಬ್ರೇಕ್ ಮುಗಿಯೋ ತನಕ ಇಂಜಿನ್ ಬಾಕ್ಸ್ ಬಿಚ್ಚಬಾರ್ದು ಅಂತ ಈಗ ನಿಯಮ ಮಾಡ್ಕೊಂಡಿದ್ದೀನಿ, ಮೊಣಕೈ ಆದ್ಮೇಲೆ.

ಪ್ರಶ್ನೆ: ಟ್ಯಾಂಕ್ ತಗಡಲ್ಲಿ ನಾನೇ ಮಾಡ್ತಿದ್ದೀನಿ. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸ್ಬೇಕು? (ದಾವಣಗೆರೆ)

ಡಬಲ್ ಬಾರ್ ಇದ್ರೆ ಎರಡು ಬಾರ್ ಮಧ್ಯೆ ಉದ್ದಕ್ಕೆ ಚಪ್ಪಟೆ ಟ್ಯಾಂಕ್ ನೇತು ಹಾಕಿ, ಆ ಹಳೇ ರೇಸ್ ಬೈಕಿನ ಕಳೆ ಬರೋದೇ ಅಲ್ಲಿ. ಮುಚ್ಚಳಕ್ಕೆ ಗಾಳಿ ತೂತು ಇಡಿ, ಇಲ್ದಿದ್ರೆ ಎರಡು ಕಿಲೋಮೀಟರ್ ಹೋಗಿ ನಿಲ್ಲುತ್ತೆ ಆಮೇಲೆ ಕಾರ್ಬುರೇಟರ್ ಬಿಚ್ಚಿ ಬಿಚ್ಚಿ ಸಾಯ್ತೀರಿ. ಒಂದ್ಸಲ ಪೆಟ್ರೋಲ್ ಹಾಕಿದ ಟ್ಯಾಂಕಿಗೆ ಆಮೇಲೆ ವೆಲ್ಡಿಂಗ್ ಅಂತ ಹೋಗ್ಬೇಡಿ, ಖಾಲಿ ಟ್ಯಾಂಕಲ್ಲಿ ಉಳಿದ ಆವಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯ. ಸೋರುತ್ತಾ ಅನ್ನೋದನ್ನ ಮೊದಲೇ ನೀರು ತುಂಬಿ ರಾತ್ರಿಯೆಲ್ಲಾ ಇಟ್ಟು ನೋಡಿ.

ಆಯಿಲ್ಲು: ಹೊಸ ಟೂ ಸ್ಟ್ರೋಕ್ ಇಂಜಿನ್ನಿಗೆ ಕಿಟ್ಟಿನವ್ರು 16ಕ್ಕೆ 1 ಅಂತ ಕೊಟ್ಟಿರ್ತಾರೆ, ಲೀಟರಿಗೆ 62 ಎಂಎಲ್ ಚಿಲ್ರೆ. ಪಳಗಿದ ಮೇಲೆ ನಾನು 25ಕ್ಕೆ 1 ಹಾಕ್ತೀನಿ, ಲೀಟರಿಗೆ 40 ಎಂಎಲ್. ಲೂನಾ, ಟಿವಿಎಸ್ 50 ಕಾಲದಲ್ಲಿ ಬಂಕಿನವ್ನೇ ಹಾಕಿ ಕೊಡ್ತಿದ್ದ, ಈಗ ನೀವೇ ಸಿರಿಂಜ್ ಇಟ್ಕೋಬೇಕು. ಇನ್ನೊಂದು ವಿಷ್ಯ, ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥೆನಾಲ್ ಇದೆ, ಅದು ಗಾಳಿಯಿಂದ ನೀರು ಹೀರುತ್ತೆ, ತಿಂಗಳುಗಟ್ಲೆ ನಿಲ್ಸಿದ್ರೆ ನೀರಿನ ಜೊತೆ ಕೆಳಗೆ ಕೂರುತ್ತೆ. ಅಗ್ಗದ ರಬ್ಬರ್ ಪೈಪೂ ಕಲ್ಲಾಗುತ್ತೆ. ಓಡಿಸದೇ ಇರೋ ತಿಂಗಳು ಟ್ಯಾಂಕ್ ಖಾಲಿ ಮಾಡಿಡಿ.

ಪ್ರಶ್ನೆ: ಅಪಾರ್ಟ್‌ಮೆಂಟ್‌ನಲ್ಲಿ ಹೊಗೆ, ಶಬ್ದ ಎರಡೂ ಆಗಲ್ಲ. ವಿಂಟೇಜ್ ಲುಕ್ಕಲ್ಲಿ ಕರೆಂಟ್ ಸೈಕಲ್ ಮಾಡ್ಬೋದಾ? (ಬೆಂಗಳೂರು)

ಮಾಡಿ, ಕಾನೂನಿಗೂ ಸಲೀಸು. 250 ವ್ಯಾಟಿಗಿಂತ ಕಡಿಮೆ ಮೋಟರ್, 25 ಕಿಲೋಮೀಟರಿಗಿಂತ ಕಡಿಮೆ ವೇಗ, ಬ್ಯಾಟರಿ ಬಿಟ್ಟು ತೂಕ 60 ಕೆಜಿ ಒಳಗೆ, ಇಷ್ಟಿದ್ರೆ ಅದೂ ಮೋಟಾರು ವಾಹನ ಅಲ್ಲ. ಬ್ಯಾಟರಿನ ಆ ಚಪ್ಪಟೆ ಟ್ಯಾಂಕಿನೊಳಗೇ ಅಡಗಿಸಿ. ಹಿಂದಿನ ಹಬ್ ಮೋಟರಿಗೆ 135 ಎಂಎಂ ಜಾಗ ಬೇಕು, ಹಳೇ ಫ್ರೇಮಲ್ಲಿ ಅಷ್ಟು ಇರಲ್ಲ, ಬಗ್ಗಿಸಿ ಅಗಲ ಮಾಡೋಕೆ ಹೋದ್ರೆ ಬ್ರೇಜಿಂಗ್ (ಪೈಪುಗಳ ಬೆಸುಗೆ) ಬಿಡುತ್ತೆ, ಅಳತೆ ತಗೊಂಡೇ ಆರ್ಡರ್ ಮಾಡಿ. ನಂಗೆ ವೈಯಕ್ತಿಕವಾಗಿ ಟಕಟಕ ಶಬ್ದ ಇಲ್ದೆ ಖುಷಿ ಆಗಲ್ಲ, ಅದು ನನ್ನ ರೋಗ.

ಪ್ರಶ್ನೆ: ಯಾವ ಹಳೇ ಗಾಡಿ ನೋಡ್ಕೊಂಡು ಡಿಸೈನ್ ಮಾಡ್ಲಿ? (ವಿದ್ಯಾರ್ಥಿ, ಮೈಸೂರು)

1901ರ ರಾಯಲ್ ಎನ್‌ಫೀಲ್ಡ್ ಫೋಟೋ ಹುಡುಕು. ಮಿನರ್ವಾ ಅನ್ನೋ ಬೆಲ್ಜಿಯಂ ಇಂಜಿನ್, ಒಂದೂವರೆ ಎಚ್‌ಪಿ, ಹ್ಯಾಂಡಲ್ ಮುಂದೆ ನೇತಾಕಿ ಅಲ್ಲಿಂದ ಹಿಂದಿನ ಚಕ್ರದ ತನಕ ಉದ್ದ ಚರ್ಮದ ಬೆಲ್ಟ್ ಎಳೆದಿದ್ರು. ಬುಲೆಟ್ ಹತ್ತಿ ಮೆರೆಯೋರು ಇದನ್ನ ನೋಡಿದ್ರೆ ನಗ್ತಾರೆ. ಅದೇ ವರ್ಷ ಪ್ಯಾರಿಸ್ಸಿನ ವರ್ನರ್ ಅಣ್ಣತಮ್ಮಂದ್ರು ಇಂಜಿನ್ನನ್ನ ಕೆಳಗೆ ಪೆಡ್ಲಿನ ಜಾಗಕ್ಕೆ ತಂದ್ರು, ಭಾರ ಕೆಳಗೆ ಬಂದು ಗಾಡಿ ಸ್ವಾಧೀನಕ್ಕೆ ಬಂತು. ನೋಟಕ್ಕೆ ಎನ್‌ಫೀಲ್ಡ್, ಓಡಿಸೋಕೆ ವರ್ನರ್. ಫ್ರೇಮಿಗೆ ಆರ್ಕ್ ವೆಲ್ಡಿಂಗ್ ಮಾತ್ರ ಮಾಡ್ಸಬೇಡ ಮಗಾ, ಪೈಪು ತೆಳು, ತೂತು ಬೀಳುತ್ತೆ, ಕ್ಲ್ಯಾಂಪಲ್ಲೇ ಮುಗಿಸು.

ಪ್ರಶ್ನೆ: ಮನೆಯಾಕೆ ಗ್ಯಾರೇಜಿಂದ ಎಲ್ಲಾ ಗುಜರಿಗೆ ಹಾಕ್ತೀನಿ ಅಂತಿದ್ದಾರೆ. (ಹೆಸರು ಬೇಡ)

ಚಾಲೂ ಆಗಿರೋ ಗಾಡೀನ ಗುಜರಿಯವ್ನು ಸುಲಭಕ್ಕೆ ತಗೊಳ್ಳಲ್ಲ, ಬೇಗ ಮುಗ್ಸಿ. ಪೆಟ್ರೋಲ್ ಡಬ್ಬ ಮಾತ್ರ ಇವತ್ತೇ ಅಡುಗೆಮನೆ ಪಕ್ಕದಿಂದ ತೆಗೀರಿ, ಅದ್ರಲ್ಲಿ ಅವ್ರು ಹೇಳೋದೇ ಸರಿ.